ಜಗಳದ ಬಟ್ಟಲು

ತೊಬೆ ಊರಿನ ಬಟ್ಟಲಿಗೆ ಮೈ ದಪ್ಪ.
ತುಟಿಗಿಟ್ಟರೆ ಅಂಚು ಹೆಬ್ಬೆರಳಿನ ಹಾಗೆ ತಾಗುತ್ತದೆ.
ಪೇಟೆಯವರು ಬೆಳಕಿಗೆ ಹಿಡಿದು ಮೆಚ್ಚುವ
ಮೊಟ್ಟೆಚಿಪ್ಪಿನಂಥ ಪಿಂಗಾಣಿ ಇದಲ್ಲ,
ಇದರಾಚೆ ಏನೂ ಕಾಣುವುದಿಲ್ಲ.
ಅಡ್ಡಹೆಸರು ಜಗಳದ ಬಟ್ಟಲು:
ಗಂಡ ಎಸೆದರೂ ಹೆಂಡತಿ ಎಸೆದರೂ
ಗೋಡೆಗೆ ಬಡಿದು, ಉರುಳಿ, ಒಲೆಯ ಬಳಿಗೇ ಬರುತ್ತದಂತೆ.
ಗಂಡಹೆಂಡಿರ ಜಗಳ ಉಂಡು ಮಲಗುವ ತನಕವೇ ಇರಬಹುದು,
ಉಣ್ಣುವುದಕ್ಕೆ ಬಟ್ಟಲು ಉಳಿಯಬೇಡವೇ?

ನನ್ನ ಅತ್ತೆ ಫುಜಿಯೆ ಬಟ್ಟಲಿಗೆ ಬಳ್ಳಿ ಬರೆಯುವವಳು.
ನಲವತ್ತೊಂದು ವರ್ಷ, ಅದೇ ಕಿಟಕಿ, ಅದೇ ಗಿಡ್ಡ ಮೇಜು,
ಹಲಗೆಯ ಮೇಲೆ ಬೋರಲು ಬಿದ್ದ ಬಿಸ್ಕತ್ತು ಬಣ್ಣದ ಸಾಲು.
ಒಮ್ಮೆ ಸುಟ್ಟ ಮಣ್ಣಿಗೆ ಬಾಯಾರಿಕೆ ಹೆಚ್ಚು;
ಕುಂಚ ಒಂದು ಉಸಿರು ನಿಂತರೆ
ಬಣ್ಣವನ್ನೆಲ್ಲ ಅಲ್ಲೇ ಕುಡಿದುಬಿಡುತ್ತದೆ.
ಬಣ್ಣವೂ ಬಣ್ಣವಲ್ಲ, ಮಸಿ ಕದಡಿದ ಬೂದು.
"ನೀಲಿ ಎಲ್ಲಿದೆ?" ಅಂತ ಕೇಳಿದ್ದೆ, ಮದುವೆಯಾಗಿ ಬಂದ ಹೊಸತರಲ್ಲಿ.
"ಬೆಂಕಿಯಲ್ಲಿ," ಅಂದಿದ್ದಳು, ತಲೆ ಎತ್ತದೆ.

ಮಾವ ಇವಾಕಿಚಿ ಗೂಡಿಗೆ ಬಟ್ಟಲು ತುಂಬುವವನು,
ಮಾತು ಕಡಿಮೆ, ಸಿಟ್ಟು ಹೆಚ್ಚು.
ಅವನ ಅನ್ನದ ಬಟ್ಟಲು ಮಾರಾಟಕ್ಕೆ ಬಾರದ್ದು:
ಒಳಗೆ, ಅಂಚಿನಿಂದ ಎರಡು ಬೆರಳು ಕೆಳಗೆ
ಬಳ್ಳಿ ಸುತ್ತಿ ಬಂದು, ಎಲೆಯಾಗುವ ಮೊದಲೇ
ಸೋಯಾಕಾಳಿನಷ್ಟು ನೀಲಿ ಕಲೆ.
ಯಾರೋ ಬಾಗಿಲಲ್ಲಿ ನಿಂತು ಹೆಸರು ಕರೆದರಂತೆ,
ಕೈ ನಿಂತಿತಂತೆ.
ಯಾರು ಅಂತ ಅತ್ತೆ ಹೇಳುವುದಿಲ್ಲ.
ಮಾವ ಮಾತ್ರ ದಿನಾ ಬಟ್ಟಲು ಚಾಚುವನು:
"ಕಲೆಯ ತನಕ."
ಒಂದು ಅಗುಳು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಅದು ಹಾರಿದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ.
ಒಮ್ಮೆ ಮಿಸೊ ಸಾರಿಗೆ ಉಪ್ಪು ಹೆಚ್ಚಾಯಿತೆಂದು,
ಒಮ್ಮೆ ಅವನ ತಂಗಿಗೆ ಕೊಟ್ಟ ಸಾಲದ ಮಾತಿಗೆ.
ಎರಡನೆಯ ಸಲ ಎಸೆದವಳು ಅತ್ತೆ.
ಬೆಕ್ಕು ಅಟ್ಟ ಹತ್ತಿತು. ಬಟ್ಟಲಿಗೇನೂ ಆಗಲಿಲ್ಲ.

ಮಾವ ಹೋದದ್ದು ಫೆಬ್ರವರಿಯಲ್ಲಿ,
ಕಿತ್ತಳೆಯ ಕೊನೆಯ ಪೆಟ್ಟಿಗೆ ಅರ್ಧ ಉಳಿದಿದ್ದಾಗ.
ನಮ್ಮ ಓಣಿಯಲ್ಲೊಂದು ಪದ್ಧತಿ:
ಹೆಣ ಹೊಸಿಲು ದಾಟುವಾಗ
ಉಂಡ ಬಟ್ಟಲನ್ನು ಬಾಗಿಲಲ್ಲೇ ಒಡೆಯಬೇಕು,
ಇನ್ನಿಲ್ಲಿ ಊಟವಿಲ್ಲ, ಹಿಂದಿರುಗಬೇಡ ಅಂತ.

ಕಪ್ಪು ಕಿಮೊನೊ ತೊಟ್ಟು ಅತ್ತೆ ಕಲ್ಲುಮೆಟ್ಟಿಲ ಮೇಲೆ ನಿಂತಳು.
ಎತ್ತಿ ಹಾಕಿದಳು.
ಠಣ್.
ಬಟ್ಟಲು ಪುಟಿದು, ಅಂಗಳದಲ್ಲಿ ಅರೆಸುತ್ತು ಉರುಳಿ
ಶವದ ಗಾಡಿಯ ಚಾಲಕನ ಬೂಟಿನ ಬಳಿ ನಿಂತಿತು.
ಅವನು ಬಿಳಿ ಕೈಗವಸಿನಲ್ಲಿ ಎತ್ತಿ, ತಲೆಬಾಗಿ,
ಎರಡೂ ಕೈಯಿಂದ ಮರಳಿ ಕೊಟ್ಟ.
ಮತ್ತೆ ಹಾಕಿದಳು. ಠಣ್.
ಮೂರನೆಯ ಸಲಕ್ಕೆ ನನ್ನ ಗಂಡ ಗೋಡೆಯ ಕಡೆ ತಿರುಗಿದ,
ಭುಜ ಕುಲುಕುತ್ತಿತ್ತು, ಅಳುವಿಗೋ ನಗುವಿಗೋ.
ಭಿಕ್ಷು ಕೆಮ್ಮಿದರು.
ಪಕ್ಕದ ಮನೆಯ ತೊಮೊಜಿರೊ ಓಡಿಹೋಗಿ ಸುತ್ತಿಗೆ ತಂದ.
ಅತ್ತೆ ಸುತ್ತಿಗೆ ನೋಡಿದಳು, ಬಟ್ಟಲು ನೋಡಿದಳು,
"ಹಠಮಾರಿ," ಅಂದಳು.
ಯಾರಿಗೆ ಅಂತ ಗೊತ್ತಾಗಲಿಲ್ಲ.
ಕಿಮೊನೊದ ತೋಳಿನೊಳಗೆ ಅದನ್ನು ಇಳಿಬಿಟ್ಟುಕೊಂಡಳು.
ಗಾಡಿ ಉದ್ದಕ್ಕೆ ಹಾರನ್ ಹೊಡೆದು ಹೊರಟಿತು.

ನಲವತ್ತೊಂಬತ್ತು ದಿನ ಕಪಾಟಿನಲ್ಲಿ ಬೋರಲು.
ಐವತ್ತನೆಯ ದಿನ ನಾನು ಅತ್ತೆಯ ಪುಟ್ಟ ಬಟ್ಟಲು ತೆಗೆದೆ
(ಹೆಂಡತಿಯರದು ಯಾವಾಗಲೂ ಒಂದಳತೆ ಚಿಕ್ಕದು;
ಎಷ್ಟು ಸಾವಿರ ಜೋಡಿ ಹಾಗೆ ಬರೆದಳೋ ಅವಳೇ).
ಬೇಡವೆಂದು ಕೈಯಾಡಿಸಿ, ಎದ್ದು ಹೋಗಿ
ಆ ಇನ್ನೊಂದನ್ನು ತಂದು ಚಾಚಿದಳು.
"ಕಲೆಯ ತನಕ."

ಬಡಿಸಿದೆ.
ತಿಂದಳು, ತಿಂದಳು, ಅರ್ಧಕ್ಕೆ ಕಡ್ಡಿ ಕೆಳಗಿಟ್ಟು
"ಅಬ್ಬಾ, ದಿನಾ ಇಷ್ಟು ತಿನ್ನುತ್ತಿದ್ದನೇ ಆ ಮನುಷ್ಯ!"
ಅಂದವಳೇ ಮತ್ತೆ ಕಡ್ಡಿ ಹಿಡಿದಳು.
ಮುಗಿಸುವ ತನಕ ಏಳಲಿಲ್ಲ.
ಕೊನೆಗೆ ಬಿಸಿ ಚಹಾ ಸುರಿದು, ಬಟ್ಟಲನ್ನು ಸುತ್ತ ತಿರುಗಿಸಿ,
ಬಳ್ಳಿಗೆ ಅಂಟಿದ್ದ ಅಗುಳನ್ನೂ ಕುಡಿದಳು.